‘ಹಾಗೆ’ ಎಂಬ ಎರಡಕ್ಷರ

ಅಲಂಕಾರ ಎಂಬ ಮಾತು ಕೇಳಿದೊಡನೆ ಹೆಂಗಸರಾದ ನಮಗೆ ನೆನಪಾಗುವುದು ಕನ್ನಡಿ, ಕಾಡಿಗೆ, ಮುಡಿಗೊಂದು ಮೊಳ ಹೂವು. ಮದುವೆಮನೆಯಲ್ಲಿ ಮದುಮಗಳ ಅಲಂಕಾರ, ನವರಾತ್ರಿಯಲ್ಲಿ ದೇವಿಯ ಅಲಂಕಾರ. ಕಾವ್ಯಶಾಸ್ತ್ರದವರೂ ಇದೇ ಶಬ್ದವನ್ನು ಆರಿಸಿಕೊಂಡರು. ಅದರಿಂದಾಗಿ ಶಾಲೆಯ ದಿನಗಳಿಂದಲೇ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ. ಕವಿತೆ ಎಂಬವಳು ಮೊದಲು ಬೋಳು ಕೈ, ಬೋಳು ಕೊರಳಿನಲ್ಲಿ ನಿಂತಿರುತ್ತಾಳೆ. ಆಮೇಲೆ ಕವಿ ಬಂದು ಉಪಮೆಯ ಬಳೆ, ರೂಪಕದ ಸರ, ಅನುಪ್ರಾಸದ ಗೆಜ್ಜೆ ಎಂದು ಒಂದೊಂದಾಗಿ ತೊಡಿಸುತ್ತಾನೆ. ತೊಡಿಸದಿದ್ದರೂ ನಡೆಯುತ್ತದೆ, ತೊಡಿಸಿದರೆ ಚೆಂದ!

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಲಂಕಾರಕ್ಕೆಂದೇ ಎರಡು ಮೂರು ಅಂಕಗಳಿರುತ್ತವೆ. ಹೆಸರು ಹೇಳಿ, ಲಕ್ಷಣ ಬರೆದು, ಸಮನ್ವಯ ಮಾಡಿದರೆ ಅಷ್ಟೂ ಅಂಕ ಕೈಗೆ ಬಂದ ಹಾಗೇ. ಮುಖ ಮತ್ತು ಕಮಲ, ಮುಖ ಮತ್ತು ಚಂದ್ರ, ಇವೆರಡನ್ನು ಬಾಯಿಪಾಠ ಮಾಡಿದವಳಿಗೆ ಭಯವಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಪಾಠವನ್ನು ಮತ್ತೆ ತೆರೆದು ನೋಡಿದವರು ಎಷ್ಟು ಮಂದಿ? ಗೆಳತಿಯರನ್ನು ಕೇಳಿದರೆ, “ಅಯ್ಯೋ, ಅದೆಲ್ಲ ಕವಿಗಳ ಕೆಲಸ, ನಮಗೆಂತಕ್ಕೆ?” ಎಂದು ನಕ್ಕುಬಿಡುತ್ತಾರೆ. ಈ ಬರಹ ಆ ‘ನಮಗೆಂತಕ್ಕೆ’ ಎಂಬ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗಿನ ಉತ್ತರ.

ಕನ್ನಡದಲ್ಲಿ ನಮಗೆ ದೊರೆತಿರುವ ಮೊಟ್ಟಮೊದಲ ಗ್ರಂಥವೇ ಅಲಂಕಾರಶಾಸ್ತ್ರಕ್ಕೆ ಸೇರಿದ್ದು. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದನ್ನು ಬರೆದವನು ಶ್ರೀವಿಜಯ ಎಂದು ವಿದ್ವಾಂಸರು ಹೇಳುತ್ತಾರೆ. ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ರಚಿಸಿದ ಈ ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ಕಾವ್ಯದ ದೋಷಗಳನ್ನು ಕುರಿತದ್ದು, ಎರಡನೆಯದು ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಇಷ್ಟನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ನನಗೆ ಮುಖ್ಯವಾಗಿ ಕಾಣುವುದು ಅದರಲ್ಲಿ ನಾಡಿನ ಜನರ ಬಗ್ಗೆ ಬರುವ ಮಾತು. ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನವರು ಓದು ಕಲಿಯದೆ ಇದ್ದರೂ ಕಾವ್ಯವನ್ನು ಬಳಸಬಲ್ಲ ಜಾಣರು ಎಂಬುದು ಅದರ ಭಾವ. ಶಾಸ್ತ್ರ ಬರೆಯಲು ಕೂತವನೇ, ಶಾಸ್ತ್ರ ಓದದವರಿಗೂ ಕಾವ್ಯ ಗೊತ್ತು ಎಂದು ಒಪ್ಪಿಕೊಂಡ. ಹಾಗೆ ಓದದೆ ಉಳಿದವರಲ್ಲಿ ನಮ್ಮ ಅಜ್ಜಿಯರ ಅಜ್ಜಿಯರೇ ಹೆಚ್ಚಾಗಿದ್ದಿರಬೇಕಲ್ಲವೆ?

ನಾನು ಇರುವ ಬಾಡ ಕುಮಟಾ ತಾಲೂಕಿನ ಕಡಲಂಚಿನ ಊರು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗದ್ದೆ, ತೆಂಗಿನ ತೋಟ, ಅದರಾಚೆ ಗುಡ್ಡ. ಉತ್ತರಕ್ಕೆ ಹೋದರೆ ಅಘನಾಶಿನಿ ನದಿ ಸಮುದ್ರ ಸೇರುವ ಜಾಗ. ನಮ್ಮ ತಾಲೂಕು ಕವಿಗಳಿಗೆ ಬಡವಲ್ಲ. ಹನೇಹಳ್ಳಿಯ ಗಂಗಾಧರ ಚಿತ್ತಾಲರು, ಬಂಕಿಕೊಡ್ಲದ ಶಾಲೆಯಲ್ಲಿ ಪಾಠ ಹೇಳಿದ ಸು. ರಂ. ಎಕ್ಕುಂಡಿಯವರು, ಗೋಕರ್ಣದ ಜಯಂತ ಕಾಯ್ಕಿಣಿಯವರು, ಎಲ್ಲರೂ ಇಲ್ಲಿಯ ಗಾಳಿ ಕುಡಿದವರೇ. ಆದರೆ ಅಲಂಕಾರದ ಪಾಠಕ್ಕೆ ನಾನು ಮೊದಲು ಹೋಗುವುದು ಕವಿಗಳ ಪುಸ್ತಕಕ್ಕಲ್ಲ, ಬಸ್ಸಿಗೆ ಮತ್ತು ಬಾವಿಕಟ್ಟೆಗೆ.

ಒಂದು ಮಳೆಗಾಲ ಬಸ್ಸಿಗೆ ಕಾಯುತ್ತ ನಿಂತಾಗ, ಕೊಡೆ ಮಡಚುವುದು ಬಿಚ್ಚುವುದು ಮಾಡಿ ಬೇಸತ್ತ ಹೆಂಗಸೊಬ್ಬಳು ತನ್ನ ಜೊತೆಯವಳಿಗೆ ಹೇಳಿದಳು: “ಈ ಸಲದ ಮಳೆ ಅತ್ತೆ ಸಿಟ್ಟಿನ ಹಾಂಗೆ ಮಾರಾಯ್ತಿ, ನಿಂತ್ತು ಅನ್ನೋದ್ರೊಳಗೆ ಮತ್ತೆ ಸುರು.”

ಪಠ್ಯದ ರೀತಿಯಲ್ಲೇ ಇದನ್ನು ಬಿಡಿಸಿ ನೋಡೋಣ. ಯಾವುದರ ಬಗ್ಗೆ ಹೇಳುತ್ತಿದ್ದೇವೋ ಅದು ಉಪಮೇಯ, ಇಲ್ಲಿ ಮಳೆ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ಇಲ್ಲಿ ಅತ್ತೆಯ ಸಿಟ್ಟು. ಎರಡನ್ನೂ ಬೆಸೆಯುವ ‘ಹಾಗೆ’, ‘ಅಂತೆ’, ‘ಹೋಲು’ ಇತ್ಯಾದಿ ಉಪಮಾವಾಚಕ. ಎರಡರಲ್ಲೂ ಇರುವ ಗುಣ ಸಮಾನಧರ್ಮ. ಇಲ್ಲಿ, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಗುವುದು. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ. ಬಸ್ ಸ್ಟಾಪಿನ ಆ ಮಾತು ಪೂರ್ಣೋಪಮೆ. ಪರೀಕ್ಷೆಯಲ್ಲಿ ಅಷ್ಟೂ ಅಂಕ ಸಿಗಬೇಕಾದದ್ದು!

ಆದರೆ ಅಂಕ ಸಿಕ್ಕ ಮೇಲೆ ಉಳಿಯುವ ಪ್ರಶ್ನೆಯೇ ನನಗೆ ಹೆಚ್ಚು ಸ್ವಾರಸ್ಯದ್ದು. ಕವಿಗಳು ಸಾಮಾನ್ಯವಾಗಿ ಸಿಟ್ಟನ್ನು ಮಳೆಗೆ, ಸಿಡಿಲಿಗೆ, ಸಮುದ್ರಕ್ಕೆ ಹೋಲಿಸುತ್ತಾರೆ. ಈಕೆ ಮಳೆಯನ್ನು ಸಿಟ್ಟಿಗೆ ಹೋಲಿಸಿದಳು. ಯಾಕೆ? ಹೋಲಿಕೆ ಯಾವಾಗಲೂ ಗೊತ್ತಿರುವುದರಿಂದ ಗೊತ್ತುಮಾಡಿಕೊಳ್ಳಬೇಕಾದದ್ದರ ಕಡೆಗೆ ಹೋಗುತ್ತದೆ. ನಮಗೆ ಅತಿ ಚೆನ್ನಾಗಿ ಪರಿಚಯವಿರುವುದೇ ನಮ್ಮ ಉಪಮಾನವಾಗುತ್ತದೆ. ಆ ಹೆಂಗಸಿಗೆ ಮಳೆಗಿಂತ ಅತ್ತೆಯ ಸಿಟ್ಟಿನ ಹದ ಹೆಚ್ಚು ಗೊತ್ತು. ಅದರ ಆರಂಭ, ಅದರ ಬಿಡುವು, ಅದು ಮರುಕಳಿಸುವ ಹೊತ್ತು, ಎಲ್ಲ ಗೊತ್ತು. ಹಾಗಾಗಿ ಅವಳ ಮಾತಿನಲ್ಲಿ ಮಳೆಯ ಬಗ್ಗೆ ತಿಳಿಯುವುದಕ್ಕಿಂತ ಅವಳ ಬಗ್ಗೆ ತಿಳಿಯುವುದೇ ಜಾಸ್ತಿ.

ಇದನ್ನೇ ಒಂದು ಸೂತ್ರವಾಗಿ ಹೇಳಬಹುದೆಂದು ನನಗನಿಸುತ್ತದೆ: ಉಪಮೇಯ ಕವಿ ನೋಡಿದ್ದನ್ನು ಹೇಳುತ್ತದೆ, ಉಪಮಾನ ಕವಿ ಬಾಳಿದ್ದನ್ನು ಹೇಳುತ್ತದೆ. ಒಂದು ಕವಿತೆಯಲ್ಲಿ ಮಾತನಾಡುತ್ತಿರುವವರು ಯಾರು, ಅವರ ದಿನ ಎಲ್ಲಿ ಕಳೆಯುತ್ತದೆ, ಅವರ ಕೈಗೆ ಏನು ತಗಲಿದೆ ಎಂದು ತಿಳಿಯಬೇಕಾದರೆ ಉಪಮಾನಗಳನ್ನಷ್ಟೇ ಆರಿಸಿ ಒಂದು ಕಡೆ ಬರೆದುಕೊಳ್ಳಿ. ಕಮಲ, ಚಂದ್ರ, ಹಂಸ, ಆನೆಯ ನಡಿಗೆ ಎಂಬ ಪಟ್ಟಿ ಬಂದರೆ ಅದು ಅರಮನೆಯ ಕೊಳದ ಬಳಿ ಕೂತವನದೋ, ಅಂಥವನ ಪುಸ್ತಕ ಓದಿದವನದೋ ಇರಬೇಕು. ಒರಳು, ಒಲೆ, ನೀರಿನ ಹಗ್ಗ, ಹಸುಗೂಸಿನ ಬಾಯಿ ಬಂದರೆ ಬೇರೆ ಯಾರೋ ಮಾತನಾಡುತ್ತಿದ್ದಾರೆ.

ಕುಮಟೆಯ ಸಿಹಿ ಈರುಳ್ಳಿಯನ್ನು ನೀವು ನೋಡಿರಬಹುದು. ಬೇಸಗೆಯಲ್ಲಿ ಹೆದ್ದಾರಿಯಲ್ಲಿ ಹೋಗುವಾಗ ಅಳ್ವೆಕೋಡಿ, ಹಂದಿಗೋಣದ ಹತ್ತಿರ ರಸ್ತೆಯ ಬದಿಗೆ ಕೆಂಪು ಗೊಂಚಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಈರುಳ್ಳಿಯ ಒಣಗಿದ ಬಾಲವನ್ನೇ ಹೆಣೆದು ಗೊಂಚಲು ಮಾಡುವುದು. ಒಮ್ಮೆ ವ್ಯಾಪಾರಕ್ಕೆ ನಿಂತಾಗ, ಗೊಂಚಲು ಬಿಚ್ಚಿಹೋಗುತ್ತದೆಯೇ ಎಂದು ಕೇಳಿದೆ. ಮಾರುತ್ತಿದ್ದ ಮುದುಕಿ, “ಇಲ್ಲ ಅಮ್ಮಾ, ಶಾಲೆಗೆ ಹೋಗೋ ಮೊಮ್ಮಗಳ ಜಡೆ ಹಾಂಗೆ ಹೆಣೆದಿದ್ದೆ, ಸಂಜೆ ತನಕ ಬಿಚ್ಚೋದಿಲ್ಲ” ಎಂದಳು. ಹೆಣ್ಣಿನ ಜಡೆಯನ್ನು ಕವಿಗಳು ಎಷ್ಟು ಬಗೆಯಲ್ಲಿ ವರ್ಣಿಸಿಲ್ಲ! ಕರಿನಾಗರ, ದುಂಬಿಗಳ ಸಾಲು, ಕಾರ್ಮೋಡ. ಅಲ್ಲೆಲ್ಲ ಜಡೆ ಉಪಮೇಯ, ನೋಡಿ ಬೆರಗಾಗುವ ವಸ್ತು. ಈ ಮುದುಕಿಯ ಬಾಯಲ್ಲಿ ಜಡೆಯೇ ಉಪಮಾನ, ಗಟ್ಟಿತನಕ್ಕೆ ಅಳತೆಗೋಲು. ಉಪಮಾನವಾಗಿ ರೂಢಿಯಲ್ಲಿರುವುದನ್ನು ಉಪಮೇಯದ ಜಾಗಕ್ಕೆ ತಂದು ಹೋಲಿಕೆಯನ್ನು ತಿರುಗಿಸುವುದಕ್ಕೆ ಶಾಸ್ತ್ರದಲ್ಲಿ ‘ಪ್ರತೀಪ’ ಎಂಬ ಹೆಸರಿದೆ. ಚಂದ್ರನೇ ಈ ಮುಖದ ಹಾಗಿದ್ದಾನೆ ಎನ್ನುವುದು ಅದರ ಮಾದರಿ. ಮುದುಕಿಯದು ಕಟ್ಟುನಿಟ್ಟಿನ ಪ್ರತೀಪವಲ್ಲದಿರಬಹುದು. ಆದರೆ ಬೆಳಿಗ್ಗೆ ಎದ್ದು ಜಡೆ ಹೆಣೆಯುವ ಕೈಗೆ ಜಡೆ ಹೇಗೆ ಕಾಣುತ್ತದೆ, ದೂರದಿಂದ ನೋಡುವ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ವ್ಯತ್ಯಾಸ ಆ ಒಂದು ಮಾತಿನಲ್ಲಿದೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಹೆಣ್ಣು ಹೆಚ್ಚಾಗಿ ಉಪಮೇಯವಾಗಿಯೇ ಬರುತ್ತಾಳೆ. ಮುಡಿಯಿಂದ ಅಡಿಯವರೆಗೆ ಒಂದೊಂದು ಅಂಗಕ್ಕೂ ಒಂದೊಂದು ಉಪಮಾನ ಹಂಚಿಟ್ಟಿದೆ. ಇದನ್ನು ಹೇಳಿ ಆ ಕವಿಗಳನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ‘ಜೈಮಿನಿ ಭಾರತ’ದ ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಸುಮ್ಮನೆ ಕರೆದಿಲ್ಲ. ಆದರೆ ಓದುವಾಗ ಈ ಕಣ್ಣು ಯಾರದು ಎಂದು ಒಮ್ಮೆ ಕೇಳಿಕೊಂಡರೆ ತಪ್ಪೇನು? 12ನೆಯ ಶತಮಾನದ ಅಕ್ಕಮಹಾದೇವಿಯ ವಚನಗಳಿಗೆ ಬಂದಾಗ ಆ ಕಣ್ಣು ಬದಲಾದದ್ದು ತಟ್ಟನೆ ತಿಳಿಯುತ್ತದೆ. ತಾನೇ ನೂತ ನೂಲಿನೊಳಗೆ ಸುತ್ತಿಕೊಂಡು ಸಾಯುವ ರೇಷ್ಮೆಹುಳುವಿನ ಹೋಲಿಕೆ ಅವಳಲ್ಲಿ ಬರುತ್ತದೆ. ಮನೆ ಕಟ್ಟುವುದು, ಅದರೊಳಗೇ ಸಿಕ್ಕಿಬೀಳುವುದು. ಇದು ಹೆಣ್ಣನ್ನು ಹೊರಗಿನಿಂದ ನೋಡಿದವರಿಗೆ ಹೊಳೆಯುವ ಉಪಮಾನವಲ್ಲ. ಅಲ್ಲಿ ಹುಳು ಚೆಂದವಾಗಿ ಕಾಣಬೇಕೆಂಬ ಆಸೆಯೂ ಇಲ್ಲ.

ಉಪಮೆಯಿಂದ ರೂಪಕಕ್ಕೆ ಒಂದೇ ಹೆಜ್ಜೆ. ‘ಹಾಗೆ’ ಎಂಬ ಎರಡಕ್ಷರವನ್ನು ತೆಗೆದುಬಿಟ್ಟರೆ ಆಯಿತು. ‘ಹಿರಿಸೊಸೆ ಆ ಮನೆಗೆ ನಡುಗಂಬದ ಹಾಗೆ’ ಎಂದರೆ ಉಪಮೆ. ‘ಹಿರಿಸೊಸೆಯೇ ಆ ಮನೆಯ ನಡುಗಂಬ’ ಎಂದರೆ ರೂಪಕ. ಉಪಮೇಯ ಉಪಮಾನಗಳೆರಡೂ ಬೇರೆಯಲ್ಲ, ಒಂದೇ ಎಂದು ಹೇಳುವುದು ರೂಪಕದ ಲಕ್ಷಣ ಎಂದು ಪಠ್ಯಗಳು ತಿಳಿಸುತ್ತವೆ. ರೂಪಕ ಹೆಚ್ಚು ಬಿಗಿಯಾದದ್ದು, ಹೆಚ್ಚು ಕಾವ್ಯಮಯವಾದದ್ದು ಎಂದೂ ಹೇಳುವುದುಂಟು. ಒಪ್ಪೋಣ. ಆದರೆ ಆ ಎರಡಕ್ಷರ ಹೋದಾಗ ಏನು ಹೋಯಿತು ಎಂಬುದನ್ನೂ ಗಮನಿಸಬೇಕು. ‘ಹಾಗೆ’ ಎಂಬುದು ಒಂದು ಕಿರುಬಾಗಿಲು. ಇದು ಅದರ ಹಾಗೆ, ಆದರೆ ಅದೇ ಅಲ್ಲ ಎಂದು ಅದು ಒಪ್ಪಿಕೊಂಡಿರುತ್ತದೆ. ಕೇಳಿದವರಿಗೆ ‘ಎಷ್ಟರ ಮಟ್ಟಿಗೆ ಹಾಗೆ?’ ಎಂದು ಕೇಳಲು ಜಾಗವಿರುತ್ತದೆ. ರೂಪಕ ಆ ಬಾಗಿಲನ್ನು ಮುಚ್ಚಿ ಅಗಳಿ ಹಾಕುತ್ತದೆ.

ಕಾವ್ಯದಲ್ಲಿ ಇದರಿಂದ ನಷ್ಟವಿಲ್ಲ. ನಡುಗಂಬವೆಂದ ಮಾತ್ರಕ್ಕೆ ಯಾರೂ ಸೊಸೆಯ ತಲೆಯ ಮೇಲೆ ತೊಲೆ ಇಡುವುದಿಲ್ಲ. ಬದುಕಿನಲ್ಲಿ ಹಾಗಲ್ಲ. ನಾವು ದಿನವೂ ಕೇಳುವ ಕೆಲವು ಮಾತುಗಳನ್ನು ನೋಡಿ. ಹೆಣ್ಣು ಹೊರೆ. ಹೆಣ್ಣು ಸೆರಗಿನ ಕೆಂಡ. ಹೆಣ್ಣು ಪರರ ಮನೆಯ ಸೊತ್ತು. ಇವು ಮೂರೂ ರೂಪಕಗಳೇ. ಹಳತಾಗಿ ಹಳತಾಗಿ ಇವು ರೂಪಕವೆಂಬುದೇ ನಮಗೆ ಮರೆತುಹೋಗಿದೆ, ಸಂಗತಿಯೆಂದೇ ಕೇಳಿಸಿಕೊಳ್ಳುತ್ತೇವೆ. ಹೊರೆಯಾದ ಮೇಲೆ ಅದನ್ನು ಇಳಿಸಲೇಬೇಕು. ಕೆಂಡವಾದ ಮೇಲೆ ಬೇಗ ಕೊಡವಿಕೊಳ್ಳಲೇಬೇಕು. ಪರರ ಸೊತ್ತಾದ ಮೇಲೆ ಅದಕ್ಕೆ ನಮ್ಮ ದುಡ್ಡು ಹಾಕಿ ಓದಿಸುವುದು ಯಾಕೆ? ಒಂದು ಅಲಂಕಾರ ಒಪ್ಪಿಕೊಂಡರೆ ಅದರ ಹಿಂದೆಯೇ ಒಂದು ತೀರ್ಮಾನವನ್ನೂ ಒಪ್ಪಿಕೊಂಡಂತೆ.

ನಮ್ಮ ಕೇರಿಯ ಒಂದು ಮನೆಯಲ್ಲಿ ಹೀಗೇ ಆಗುವುದಿತ್ತು. ಹುಡುಗಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕದಲ್ಲಿ ಮುಗಿಸಿದ್ದಳು, ಕುಮಟೆಯ ಕಾಲೇಜಿಗೆ ಹೋಗಬೇಕೆಂದು ಅವಳಿಗೆ ಆಸೆ. ಅಷ್ಟರಲ್ಲಿ ಹೊನ್ನಾವರದ ಕಡೆಯ ಒಂದು ಸಂಬಂಧದ ಮಾತು ಬಂತು. ಜಗುಲಿಯಲ್ಲಿ ಕೂತು ಅವಳ ದೊಡ್ಡಪ್ಪ, “ಹೊರೆ ಎಷ್ಟು ಬೇಗ ಇಳೀತದೋ ಅಷ್ಟು ಚಲೋ” ಎಂದರು. ಕೆಟ್ಟ ಮನುಷ್ಯರಲ್ಲ, ಹುಡುಗಿಯ ಮೇಲೆ ಪ್ರೀತಿ ಇದ್ದವರೇ; ಎಲ್ಲರೂ ಆಡುವ ಮಾತನ್ನು ಆಡಿದರು. ಒಳಗಿನಿಂದ ಎಲೆಯಡಿಕೆಯ ತಟ್ಟೆ ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಮಗನಿಗೆ ಹೇಳಿದರು: “ತಮಾ, ಹೊರೆ ಅಂದ್ರೆ ಎಂತದು ಅಂತ ಹೊತ್ತವ್ರಿಗೆ ಗೊತ್ತು. ಗುಡ್ಡದಿಂದ ಸೊಪ್ಪಿನ ಹೊರೆ, ಕಟ್ಟಿಗೆ ಹೊರೆ ತಂದವ್ಳು ನಾನು. ಹೊರೆ ತಾನಾಗಿ ನಡೆಯೋದಿಲ್ಲ, ಹೊತ್ತವ್ರೇ ನಡೀಬೇಕು. ಈ ಹುಡ್ಗಿ ನಡೀತಾಳಲ್ಲ? ಮೂರು ವರ್ಷ ಆತು, ನನ್ನ ಹೊರೆನೂ ಅವಳೇ ಇಳಿಸ್ತಾ ಇದ್ದಾಳೆ.”

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವರು ಮಾಡಿದ್ದು ಶುದ್ಧ ವಿಮರ್ಶೆ. ರೂಪಕವನ್ನು ಹಿಂದಕ್ಕೆ ಎಳೆದು ಉಪಮೆಯನ್ನಾಗಿ ಮಾಡಿದರು. ಹೊರೆಯ ಹಾಗೆ ಎನ್ನುತ್ತೀಯಲ್ಲ, ಸಮಾನಧರ್ಮ ಎಲ್ಲಿದೆ ತೋರಿಸು ಎಂದು ಕೇಳಿದರು. ಮದುವೆಯ ಮಾತು ಮುಂದಕ್ಕೆ ಹೋದದ್ದು ಆ ಒಂದು ಮಾತಿನಿಂದಲೇ ಎಂದು ನಾನು ಹೇಳಲಾರೆ. ಗಂಡಿನ ಕಡೆಯವರಿಗೂ ಅವಸರವಿರಲಿಲ್ಲ. ಅಂತೂ ಹುಡುಗಿ ಎರಡು ವರ್ಷ ಕಾಲೇಜಿಗೆ ಬಸ್ಸು ಹತ್ತಿದಳು. ಆ ಜಗುಲಿಯಲ್ಲಿ ‘ಹೊರೆ’ ಎಂಬ ಮಾತನ್ನು ನಾನು ಮತ್ತೆ ಕೇಳಿಲ್ಲ. ಅಲಂಕಾರ ನಮಗೆಂತಕ್ಕೆ ಎಂದು ಕೇಳುವ ಗೆಳತಿಯರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನು.

ಉಳಿದ ಕೆಲವು ಅಲಂಕಾರಗಳನ್ನು ಹೀಗೇ ಮನೆಯೊಳಗೆ ಹುಡುಕೋಣ. ಇರುವ ವಸ್ತುವನ್ನು ಇನ್ನೊಂದಾಗಿ ಊಹಿಸುವುದು ಉತ್ಪ್ರೇಕ್ಷೆ. ‘ಏನೋ’ ಎಂಬುದು ಅದರ ಗುರುತು. ಜೂನ್ ಜುಲೈ ತಿಂಗಳಿನ ನಿಷೇಧ ಮುಗಿದು ಆಗಸ್ಟಿನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿದ ಮೇಲೆ, ಮಗನನ್ನು ಕಳಿಸಿದ ತಾಯಿ ರಾತ್ರಿ ಅಲೆಯ ಸದ್ದು ಕೇಳುತ್ತ, “ಯಾರ ಮೇಲೆ ಹಲ್ಲು ಕಡೀತಾ ಇದ್ಯೇನೋ ಇದು” ಎನ್ನುತ್ತಾಳೆ. ಪಠ್ಯದ ಉತ್ಪ್ರೇಕ್ಷೆಯಲ್ಲಿ ಕಲ್ಪನೆಯ ವಿಲಾಸ ಕಾಣುತ್ತದೆ. ಇವಳದರಲ್ಲಿ ನಿದ್ದೆಗೆಟ್ಟ ರಾತ್ರಿ ಕಾಣುತ್ತದೆ. ಹೊಗಳಿದಂತೆ ತೆಗಳುವುದು, ತೆಗಳಿದಂತೆ ಹೊಗಳುವುದು ವ್ಯಾಜಸ್ತುತಿ. “ಎಂಥ ಪುಣ್ಯಾತ್ಮರು ನಮ್ಮನೆಯವರು! ಒಂದು ದಿನವೂ ನನಗೆ ಸುಮ್ಮನೆ ಕೂರೋ ಕಷ್ಟ ಕೊಟ್ಟವರಲ್ಲ” ಎಂದರೆ ಇನ್ನು ವಿವರಣೆ ಬೇಡ. ಒಂದನ್ನು ಹೇಳಿ ಇನ್ನೊಂದನ್ನು ಮುಟ್ಟಿಸುವುದು ಅನ್ಯೋಕ್ತಿ. ಮಗಳಿಗೆ ಹೇಳಿ ಸೊಸೆಗೆ ಕೇಳಿಸುವ ಕಲೆಯಲ್ಲಿ ನಮ್ಮ ಹಿರಿಯರು ಪಂಡಿತರು. ಬೆಕ್ಕಿಗೆ ಬೈದು ಅತ್ತೆಗೆ ಕೇಳಿಸುವುದರಲ್ಲಿ ಸೊಸೆಯರೂ ಹಿಂದೆ ಬಿದ್ದಿಲ್ಲ. ಎದುರು ನಿಂತು ಮಾತಾಡುವ ಹಕ್ಕಿಲ್ಲದ ಕಡೆ ಅನ್ಯೋಕ್ತಿ ಚೆನ್ನಾಗಿ ಬೆಳೆಯುತ್ತದೆ. ಇವುಗಳಲ್ಲಿ ಎಷ್ಟೋ ಅಲಂಕಾರಗಳು ಬಾಯಿ ಕಟ್ಟಿದವರು ಹುಡುಕಿಕೊಂಡ ದಾರಿಗಳು ಎಂದು ನನಗೆ ಅನೇಕ ಸಲ ಅನಿಸಿದೆ.

ಹೇಳಬೇಕಾದದ್ದನ್ನು ನೇರವಾಗಿ ಹೇಳದೆ ಬಳಸಿ ಹೇಳುವುದು ಪರ್ಯಾಯೋಕ್ತ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತೇವೆ. ‘ದೀಪ ಆರಿಸು’ ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಈ ಮಾತುಗಳಲ್ಲಿ ಎಷ್ಟು ಅಂತಃಕರಣವಿದೆ! ಅಶುಭವನ್ನು ನಾಲಗೆಯ ಮೇಲೂ ತರಬಾರದೆಂಬ ಎಚ್ಚರ. ಆದರೆ ಇದೇ ದಾರಿಯಲ್ಲಿ ಇನ್ನೊಂದು ಮಾತೂ ಬಂದು ನಿಂತಿದೆ. ‘ಹೊರಗೆ ಕೂತಿದ್ದಾಳೆ’, ‘ಕಾಗೆ ಮುಟ್ಟಿದೆ’. ಹುಡುಗಿಗೆ ಮೊದಲ ಸಲ ಮುಟ್ಟಾದಾಗ ಅವಳಿಗೆ ಸಿಗುವುದು ತನ್ನ ದೇಹದ ಬಗೆಗಿನ ತಿಳಿವಲ್ಲ, ಒಂದು ಕಾಗೆ. ಯಾವ ಪರ್ಯಾಯೋಕ್ತ ನೋವನ್ನು ಹಗುರ ಮಾಡುತ್ತದೆ, ಯಾವುದು ನಾಚಿಕೆಯನ್ನು ಭಾರ ಮಾಡುತ್ತದೆ ಎಂದು ನಾವು ತಾಯಂದಿರು ವಿಂಗಡಿಸಿ ನೋಡಬೇಡವೆ? ಮೊದಲಿನ ಬಗೆಯದು ಉಳಿಯಲಿ. ಎರಡನೆಯದರ ಜಾಗದಲ್ಲಿ ನೇರ ಮಾತು ಬಂದರೆ ಕನ್ನಡಕ್ಕೆ ಬಡತನವೇನೂ ಬರಲಾರದು.

ನೇರ ಮಾತು ಎಂದಾಗ ಒಂದು ಹಳೆಯ ವಾದ ನೆನಪಾಗುತ್ತದೆ. ವಸ್ತು ಹೇಗಿದೆಯೋ ಹಾಗೆಯೇ, ಅದರ ಸ್ವಭಾವ ಕಣ್ಣಿಗೆ ಕಟ್ಟುವಂತೆ ಹೇಳುವುದನ್ನು ‘ಸ್ವಭಾವೋಕ್ತಿ’ ಎನ್ನುತ್ತಾರೆ. ದಂಡಿ ಅದನ್ನು ಅರ್ಥಾಲಂಕಾರಗಳ ಸಾಲಿನಲ್ಲಿ ಮೊದಲಿಗಿಟ್ಟ. ‘ವಕ್ರೋಕ್ತಿಜೀವಿತ’ ಬರೆದ ಕುಂತಕ ಅದನ್ನು ಅಲಂಕಾರವೆಂದೇ ಒಪ್ಪಲಿಲ್ಲ. ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಿಕೊಳ್ಳುವುದು ಯಾವುದು ಎಂಬುದು ಅವನ ತಕರಾರು. ಇಬ್ಬರಲ್ಲಿ ಯಾರು ಸರಿ ಎಂದು ಪಂಡಿತರು ಹೇಳಲಿ. ಹೆಂಗಸರ ಬರವಣಿಗೆಯನ್ನು ಓದುತ್ತ ಬಂದ ನನಗೆ ದಂಡಿಯ ಪಕ್ಷವೇ ಹತ್ತಿರವೆನಿಸುತ್ತದೆ. 17ನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸುವ ಆ ಕೃತಿಯ ಎಲ್ಲ ಮಾತುಗಳನ್ನೂ ಇಂದು ನಾವು ಒಪ್ಪಲಾರೆವು. ಆದರೆ ಹೆಣ್ಣೆಂದು ಹೀಗಳೆಯುವವರಿಗೆ, ನಿಮ್ಮನ್ನು ಹೆತ್ತು ಸಾಕಿದವಳೂ ಹೆಣ್ಣೇ ಎಂದು ಅವಳು ನೆನಪಿಸುವಾಗ ಅಲ್ಲಿ ಕಮಲವೂ ಇಲ್ಲ, ಚಂದ್ರನೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಮುನ್ನೂರು ವರ್ಷ ದಾಟಿದರೂ ಜನರ ಬಾಯಲ್ಲಿ ಉಳಿದದ್ದು ಆ ಮಾತು.

ಇನ್ನು ಶಬ್ದಾಲಂಕಾರ. ಅನುಪ್ರಾಸ, ಯಮಕ, ಶ್ಲೇಷೆ ಇತ್ಯಾದಿ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮವಿತ್ತು. ನಮ್ಮದೇ ಕರಾವಳಿಯ ತೆಂಕಣ ತುದಿ, ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ಬಿಟ್ಟು ಬರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಕಟ್ಟು ಸಡಿಲಿಸಿದರೂ ಕನ್ನಡ ಕವಿತೆ ಕೆಡಲಿಲ್ಲ. ಇತ್ತ ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕಗಳಲ್ಲಿ ಅಂತ್ಯಪ್ರಾಸವನ್ನು ಚಾಟಿಯ ಹಾಗೆ ಬಳಸಿದರು. ಬಿಟ್ಟವರಿಗೂ ಹಿಡಿದವರಿಗೂ ಅವರವರ ಕಾರಣವಿತ್ತು. ಕಾರಣವಿಲ್ಲದೆ ಪ್ರಾಸ ಹೊಂದಿಸಿದ ಕವಿತೆ ಮಾತ್ರ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಹಲ್ಲಿಗೆ ತಾಗುತ್ತದೆ.

ಶ್ಲೇಷೆಗೆ ನಮ್ಮ ಊರಿನ ಹೆಸರೇ ಸಾಕು. ‘ಬಾಡದ ಹೂವು’ ಎಂದರೆ ಬಾಡ ಎಂಬ ಊರಿನ ಹೂವೂ ಹೌದು, ಬಾಡದೆ ಉಳಿಯುವ ಹೂವೂ ಹೌದು. ಬೇರೆ ಊರಿಗೆ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳು, “ನಾವು ಬಾಡದವರು” ಎಂದು ಪರಿಚಯ ಹೇಳಿಕೊಂಡು ತಾವೇ ನಗುವುದುಂಟು. ಒಂದೇ ಶಬ್ದದಲ್ಲಿ ಎರಡು ಅರ್ಥ, ಎರಡೂ ಅಲ್ಲಿಗೆ ಒಪ್ಪುವಂಥವು. ಶ್ಲೇಷೆ ಹೀಗೆ ಸಹಜವಾಗಿ ಬಂದಾಗ ಖುಷಿ. ಹುಡುಕಿ ಹುಡುಕಿ ತಂದು ಕೂರಿಸಿದರೆ ಆಯಾಸ.

ಸಹಜವಾಗಿ ಬಂದದ್ದು ಯಾವುದು, ತಂದು ಕೂರಿಸಿದ್ದು ಯಾವುದು ಎಂದು ಗುರುತಿಸುವುದು ಹೇಗೆ? 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದಕ್ಕೆ ಒಳ್ಳೆಯ ಒರೆಗಲ್ಲು ಕೊಟ್ಟಿದ್ದಾನೆ. ಕವಿ ಭಾವದಲ್ಲಿ ಮುಳುಗಿರುವಾಗ, ಅದಕ್ಕೆಂದೇ ಬೇರೆ ಪ್ರಯತ್ನ ಮಾಡದೆ ಜೊತೆಯಲ್ಲೇ ಹುಟ್ಟಿ ಬರುವ ಅಲಂಕಾರವೇ ನಿಜವಾದ ಅಲಂಕಾರ ಎಂಬುದು ಅವನ ಅಭಿಪ್ರಾಯ. ಭರತನ ‘ನಾಟ್ಯಶಾಸ್ತ್ರ’ದಲ್ಲಿ ಉಪಮೆ, ರೂಪಕ, ದೀಪಕ, ಯಮಕ ಎಂದು ಅಲಂಕಾರಗಳು 4 ಮಾತ್ರ ಇದ್ದವು, ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದ ಹೊತ್ತಿಗೆ ಅವು 100ನ್ನು ದಾಟಿದವು. ಹೆಸರು ಹೆಚ್ಚಿದಷ್ಟೂ ಆನಂದವರ್ಧನನ ಆ ಒಂದು ಮಾತು ಹೆಚ್ಚು ಬೇಕಾಗುತ್ತದೆ. ಸ್ಥಳೀಯ ಕವನಸ್ಪರ್ಧೆಗಳಿಗೆ ಬರುವ ಕವಿತೆಗಳನ್ನು ಓದುವ ಅವಕಾಶ ನನಗೆ ಆಗಾಗ ಸಿಗುತ್ತದೆ. ತಾಯಿ ಎಂದರೆ ಕರುಣೆಯ ಕಡಲು, ಬಾಳು ಎಂದರೆ ದೋಣಿ, ಹೆಣ್ಣು ಎಂದರೆ ಉರಿದು ಬೆಳಕು ಕೊಡುವ ಮೇಣದ ಬತ್ತಿ! ಕಡಲನ್ನು ದಿನವೂ ನೋಡುವ ನಮ್ಮ ಊರಿನಲ್ಲಿ ಕೂತು ಬರೆದವರು ಕೂಡ ಪುಸ್ತಕದ ಕಡಲನ್ನೇ ತರುತ್ತಾರೆ. ನಮ್ಮ ಕಡಲಿಗೆ ಕರುಣೆ ಇದೆಯೇ ಎಂದು ದೋಣಿಗೆ ಹೋದವರ ಮನೆಯಲ್ಲಿ ಕೇಳಿ ನೋಡಬೇಕು. ಅಘನಾಶಿನಿಯ ಉಬ್ಬರ ಇಳಿದ ಹೊತ್ತಿಗೆ ಮೊಳಕಾಲು ಕೆಸರಿನಲ್ಲಿ ಬಗ್ಗಿ ಬಳಚು ಆರಿಸುವ ಹೆಂಗಸರಿದ್ದಾರೆ. ಗಜನಿ ಗದ್ದೆಯ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಭತ್ತವಿದೆ. ಉಪ್ಪಿನಲ್ಲಿ ನಿಂತೂ ತೆನೆ ಕಟ್ಟುವ ಆ ಪೈರು ಇನ್ನೂ ಎಷ್ಟು ಕವಿತೆಗಳಿಗೆ ಉಪಮಾನವಾಗಬೇಕಾಗಿದೆ!

ಹಾಡಿನ ಪರಂಪರೆಯಲ್ಲಿ ಈ ಕೊರತೆ ಇರಲಿಲ್ಲ. ಕುಮಟೆಯ ಡಾ. ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳು ನಮ್ಮ ಜಿಲ್ಲೆಯ ಜನಪದ ಹಾಡುಗಳನ್ನು ಸಂಗ್ರಹಿಸಿ ಉಳಿಸಿದ್ದಾರೆ. ಹಾಡುಗಾರ್ತಿಯರಲ್ಲಿ ಹೆಚ್ಚಿನವರು ಅಕ್ಷರ ಕಲಿಯದ ಹೆಂಗಸರು. ಅಂಕೋಲೆ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷವಾಗಿತ್ತು. ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರೂ ಅವರೇ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಕವಿರಾಜಮಾರ್ಗಕಾರ ಹೊಗಳಿದ, ಓದದೆಯೂ ಕಾವ್ಯ ಬಲ್ಲ ಜನ ಎಂದರೆ ಯಾರು ಎಂದು ಮಕ್ಕಳು ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಹಾಗಾದರೆ ಪೇಟೆಯಲ್ಲಿ, ಮನೆ ಕೆಲಸ ನೌಕರಿಗಳ ನಡುವೆ ಒಂದಿಷ್ಟು ಓದುವ ನಾವು ಏನು ಮಾಡಬಹುದು? ನೂರು ಅಲಂಕಾರಗಳ ಹೆಸರು ಬಾಯಿಪಾಠ ಬೇಕಿಲ್ಲ. ಒಂದು ಹೋಲಿಕೆ ಎದುರಾದಾಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಉಪಮಾನ ಯಾರ ಬದುಕಿನಿಂದ ಬಂದಿದೆ? ಎರಡಕ್ಕೂ ಸಮಾನವಾದ ಗುಣ ನಿಜವಾಗಿ ಇದೆಯೇ, ಇದ್ದರೆ ಎಷ್ಟು? ಇದನ್ನು ಒಪ್ಪಿಕೊಂಡರೆ ಇದರ ಬೆನ್ನಿಗೆ ಇನ್ನೇನನ್ನು ಒಪ್ಪಿಕೊಳ್ಳಬೇಕಾಗುತ್ತದೆ? ಕವಿತೆಯ ವಿಷಯದಲ್ಲಿ ಈ ಪ್ರಶ್ನೆಗಳು ನಮ್ಮ ಸವಿಯನ್ನು ಹೆಚ್ಚಿಸುತ್ತವೆ. ಒಳ್ಳೆಯ ಉಪಮೆ ಪ್ರಶ್ನೆಗೆ ಹೆದರುವುದಿಲ್ಲ, ಕೆಣಕಿದಷ್ಟೂ ಬಿಚ್ಚಿಕೊಳ್ಳುತ್ತದೆ. ಮದುವೆಯ ಮಾತುಕತೆಯಲ್ಲಿ, ಟೀವಿಯ ಜಾಹೀರಾತಿನಲ್ಲಿ, ಚುನಾವಣೆಯ ಭಾಷಣದಲ್ಲಿ ಬರುವ ಅಲಂಕಾರಗಳ ವಿಷಯದಲ್ಲಂತೂ ಕೇಳಲೇಬೇಕು. ಹೆಣ್ಣನ್ನು ದೇವತೆ ಎಂದವರನ್ನೂ ಬಿಡಬೇಕಾಗಿಲ್ಲ. ದೇವತೆಗೆ ಹಸಿವಾಗುವುದಿಲ್ಲ, ಸಂಬಳ ಬೇಕಾಗುವುದಿಲ್ಲ, ಬೇಸರ ಬರುವುದಿಲ್ಲ. ಹೊರೆ ಎನ್ನುವ ರೂಪಕದಷ್ಟೇ ಜಾಗರೂಕತೆಯಿಂದ ನೋಡಬೇಕಾದ ರೂಪಕ ಅದು.

ಮಕ್ಕಳಿಗೆ ಪಾಠ ಹೇಳಿಕೊಡುವಾಗಲೂ ಇದನ್ನು ಮಾಡಬಹುದು. ಮುಖ ಕಮಲಗಳ ಉದಾಹರಣೆ ಪರೀಕ್ಷೆಗಿರಲಿ. ಅದರ ಪಕ್ಕದಲ್ಲಿ ಇವತ್ತು ಮನೆಯಲ್ಲಿ, ಬಸ್ಸಿನಲ್ಲಿ, ಮೀನಿನ ಪೇಟೆಯಲ್ಲಿ ಕೇಳಿದ ಒಂದು ಹೋಲಿಕೆಯನ್ನು ಬರೆದು ತಾ ಎಂದು ಹೇಳಿ ನೋಡಿ. ವಾರದಲ್ಲಿ ನೋಟುಪುಸ್ತಕದ ನಾಲ್ಕು ಪುಟ ತುಂಬುತ್ತದೆ. ಆ ಪುಟಗಳಲ್ಲಿ ‘ಹಾಗೆ’ ಎಂದು ಬಂದ ಕಡೆಯಲ್ಲೆಲ್ಲ ಒಂದು ಅಡಿಗೆರೆ ಎಳೆಯಲು ಹೇಳಿ. ‘ಹಾಗೆ’ ಇಲ್ಲದೆ ಬಂದ ಹೋಲಿಕೆಗಳನ್ನು ಬೇರೆ ಪುಟದಲ್ಲಿ ಬರೆಸಿ, ಅವುಗಳಿಗೆ ‘ಹಾಗೆ’ ಸೇರಿಸಿ ಓದಲು ಹೇಳಿ. ಯಾವ ಮಾತು ಆಗಲೂ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಹತ್ತನೆಯ ತರಗತಿಯ ಹುಡುಗಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.